ಈ ತಿಂಗಳು ಕೇಳಿದ್ದು



ಜಮಾ-ಖರ್ಚು ಬರೆದಿಡುವ ಅಭ್ಯಾಸ ನಮ್ಮ ಮನೆಗಳಲ್ಲಿ ಹಳೆಯದು. ಹಾಲಿಗೆ ಎಷ್ಟಾಯಿತು, ದಿನಸಿಗೆ ಎಷ್ಟಾಯಿತು ಎಂದು ತಿಂಗಳ ಕೊನೆಗೆ ಕೂಡಿ ನೋಡುತ್ತೇವೆ. ಆದರೆ ಆ ತಿಂಗಳಲ್ಲಿ ನಾವು ಏನೇನು ಕೇಳಿದೆವು, ಕೇಳಿದ್ದರಲ್ಲಿ ಯಾವುದು ಮನಸ್ಸಿನಲ್ಲಿ ನಿಂತಿತು ಎಂಬ ಲೆಕ್ಕವನ್ನು ಇಡುವವರು ಕಡಿಮೆ. ನಾನು ಕೆಲವು ವರ್ಷಗಳಿಂದ ಒಂದು ನೋಟ್‌ಬುಕ್ಕಿನಲ್ಲಿ ಅಂಥ ಲೆಕ್ಕವನ್ನು ಇಡುತ್ತಾ ಬಂದಿದ್ದೇನೆ. ಎಡಗಡೆಯ ಪುಟದಲ್ಲಿ ಮನೆಯ ಸಮಾಚಾರ. ಬಲಗಡೆಯ ಪುಟದಲ್ಲಿ ಆ ವಾರ ಹೊಸದಾಗಿ ಕೇಳಿದ ಸಂಗೀತ. ಕಳೆದ ತಿಂಗಳ ನಾಲ್ಕು ವಾರಗಳ ಪುಟಗಳನ್ನು ಇಂದು ನಿಮ್ಮ ಮುಂದೆ ಇಡಬೇಕೆನಿಸಿದೆ. ಏಕೆಂದರೆ ಆ ಒಂದು ತಿಂಗಳಲ್ಲಿ ಎಡಪುಟ ಮತ್ತು ಬಲಪುಟ ಬೇರೆ ಬೇರೆಯಾಗಿ ಉಳಿಯಲೇ ಇಲ್ಲ.

ಮೊದಲ ವಾರದ ಎಡಪುಟದಲ್ಲಿ ಇರುವುದು ಒಂದೇ ಸಾಲು: ‘ಅಪ್ಪನಿಗೆ ಶ್ರವಣ ಸಾಧನ ಬಂತು.’

ನಮ್ಮ ತಂದೆಯವರಿಗೆ ಈಗ 78 ವರ್ಷ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ಸಂಗೀತವೆಂದರೆ ಪ್ರಾಣ. ಎರಡು ಮೂರು ವರ್ಷಗಳಿಂದ ಅವರ ಕೋಣೆಯ ರೇಡಿಯೋ ಸದ್ದು ಏರುತ್ತಾ ಹೋಯಿತು. ಆಮೇಲೆ ಒಂದು ದಿನ ಪೂರ್ತಿ ನಿಂತೇಹೋಯಿತು. ಕೇಳಿದರೆ, “ಈಗಿನ ಸಂಗೀತದಲ್ಲಿ ಸತ್ವ ಇಲ್ಲ ಕಣಪ್ಪ” ಎನ್ನುತ್ತಿದ್ದರು. ಆದರೆ ಅವರು ಹಳೆಯದನ್ನು ಕೇಳುವುದನ್ನೂ ಬಿಟ್ಟಿದ್ದರು. ಕಾರಣ ಪರೀಕ್ಷೆಯಲ್ಲಿ ತಿಳಿಯಿತು. “ಮಾತು ಕೇಳಿಸುತ್ತೆ, ಏನು ಅಂತ ತಿಳಿಯೋದಿಲ್ಲ” ಎಂದು ಅವರು ಹೇಳಿದೊಡನೆ ಶ್ರವಣತಜ್ಞರು ತಲೆಯಾಡಿಸಿದರು.

ಈ ಮಾತಿನ ಹಿಂದೆ ಇರುವ ವಿಜ್ಞಾನವನ್ನು ಸ್ವಲ್ಪ ನೋಡೋಣ. ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ನಾಳವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು ಸಾಲಾಗಿ ನಿಂತಿವೆ. ಶಬ್ದದ ಕಂಪನವನ್ನು ನರಗಳಿಗೆ ತಿಳಿಯುವ ವಿದ್ಯುತ್ ಸಂಕೇತವಾಗಿ ಮಾಡುವುದು ಇವುಗಳ ಕೆಲಸ. ನಾಳದ ಬಾಗಿಲಿನ ಬಳಿ ಇರುವ ಕೋಶಗಳು ಎತ್ತರದ ಸ್ವರಗಳಿಗೆ ಸ್ಪಂದಿಸಿದರೆ, ಒಳತುದಿಯವು ತಗ್ಗಿನ ಸ್ವರಗಳಿಗೆ ಸ್ಪಂದಿಸುತ್ತವೆ. ವಯಸ್ಸಾದಂತೆ ಮೊದಲು ಸೋಲುವುದು ಬಾಗಿಲಿನ ಬಳಿಯವೇ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಅ, ಆ, ಓ ಮುಂತಾದ ಸ್ವರಾಕ್ಷರಗಳ ಶಕ್ತಿ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿದೆ. ಸ, ಶ, ತ ಮುಂತಾದ ವ್ಯಂಜನಗಳ ಗುರುತು ಎತ್ತರದ ಕಂಪನಗಳಲ್ಲಿದೆ. ಆದ್ದರಿಂದ ಮಾತಿನ ಮೈ ಕೇಳಿಸುತ್ತದೆ, ಮುಖ ಕಾಣಿಸುವುದಿಲ್ಲ. ಅಪ್ಪ ಸಂಗೀತದ ಮೇಲೆ ಹೊರಿಸಿದ್ದ ದೂರು ವಾಸ್ತವದಲ್ಲಿ ಕಿವಿಯದಾಗಿತ್ತು.

ಸಾಧನ ಹಾಕಿಕೊಂಡ ಮೊದಲ ದಿನ ಅವರಿಗೆ ಸಂತೋಷವೇನೂ ಆಗಲಿಲ್ಲ. ದಿನಪತ್ರಿಕೆ ಮಡಿಸಿದ ಸದ್ದು, ಅಡುಗೆಮನೆಯ ಪಾತ್ರೆಗಳ ಸದ್ದು, ಫ್ಯಾನಿನ ಸದ್ದು ಎಲ್ಲವೂ ಒಟ್ಟಿಗೆ ಮೈಮೇಲೆ ಬಿದ್ದಂತಾಯಿತು. ಬೇಡದ ಸದ್ದನ್ನು ಬದಿಗಿಡುವ ಕೆಲಸ ಕಿವಿಯದಲ್ಲ, ಮಿದುಳಿನದು. ಮಿದುಳು ಅದನ್ನು ಮತ್ತೆ ಕಲಿಯಲು ಕೆಲವು ವಾರಗಳೇ ಬೇಕಾಗುತ್ತವೆ. ಬಲಪುಟ ಆ ವಾರ ಖಾಲಿ.

ಎರಡನೆಯ ವಾರ ಅವರೇ ಕೇಳಿದರು, “ಮಾಲಿಯವರದ್ದು ಹಾಕು.” ಮಾಲಿ ಎಂದರೆ ಕೊಳಲಿನ ಮಾಂತ್ರಿಕ ಟಿ.ಆರ್. ಮಹಾಲಿಂಗಂ (1926-1986). ಹಾಕಿದೆ. ಅಪ್ಪನ ಮುಖ ಗಂಟಾಯಿತು. “ಸ್ವರ ನಡುಗುತ್ತಿದೆಯಲ್ಲೋ! ಮಾಲಿ ಹೀಗೆ ನುಡಿಸೋದಿಲ್ಲ.”

ನನಗೆ ಕೊಳಲಿನಲ್ಲಿ ನಡುಕ ಕೇಳಿಸಲಿಲ್ಲ. ಆದರೆ ಅಪ್ಪ ಹೇಳಿದ್ದು ಸರಿಯಾಗಿಯೇ ಇತ್ತು. ಶ್ರವಣ ಸಾಧನವನ್ನು ಮುಖ್ಯವಾಗಿ ಮಾತಿಗಾಗಿ ರೂಪಿಸಿರುತ್ತಾರೆ. ಅದರ ಮೈಕು ಮತ್ತು ಸ್ಪೀಕರು ಒಂದಕ್ಕೊಂದು ತೀರಾ ಹತ್ತಿರದಲ್ಲಿರುವುದರಿಂದ, ಸಭೆಗಳಲ್ಲಿ ಮೈಕು ಕೀಂಯ್ ಎನ್ನುವಂತೆ ಅದೂ ಶಿಳ್ಳೆ ಹಾಕುವ ಸಂಭವವಿದೆ. ಅದನ್ನು ತಡೆಯಲು ಒಳಗೊಂದು ಏರ್ಪಾಡು ಇರುತ್ತದೆ. ಒಂದೇ ಎತ್ತರದಲ್ಲಿ ನಿಂತ ಶುದ್ಧವಾದ ಸ್ವರ ಕಂಡರೆ ಅದನ್ನು ತನ್ನದೇ ಶಿಳ್ಳೆಯೆಂದು ತಿಳಿದು, ಎದುರು ಅಲೆಯೊಂದನ್ನು ಕಳುಹಿಸಿ ಅಳಿಸಲು ನೋಡುತ್ತದೆ. ಕೊಳಲಿನ ದೀರ್ಘ ಸ್ವರವೂ ಅಂಥದ್ದೇ ಅಲ್ಲವೇ? ಪಾಪ, ಆ ಯಂತ್ರಕ್ಕೆ ಮಾಲಿ ಯಾರು, ಶಿಳ್ಳೆ ಯಾವುದು ಎಂಬುದು ಹೇಗೆ ತಿಳಿದೀತು!

ಇನ್ನೊಂದು ವ್ಯತ್ಯಾಸವೂ ಉಂಟು. ಸಾಮಾನ್ಯ ಮಾತುಕತೆ 60-65 ಡೆಸಿಬಲ್ ಆಸುಪಾಸಿನಲ್ಲಿರುತ್ತದೆ. ಸಂಗೀತವಾದರೋ ಪಿಸುಮಾತಿನಿಂದ ಹಿಡಿದು 100 ಡೆಸಿಬಲ್ಲನ್ನೂ ದಾಟಬಲ್ಲದು. ಮಾತಿನ ಅಳತೆಗೆ ಹೊಲಿದ ಅಂಗಿ ಸಂಗೀತಕ್ಕೆ ಬಿಗಿಯಾಗುತ್ತದೆ. ಶ್ರವಣತಜ್ಞರಿಗೆ ಈ ವಿಷಯ ತಿಳಿಸಿದಾಗ ಅವರು ಸಂಗೀತಕ್ಕೆಂದೇ ಬೇರೊಂದು ಹೊಂದಾಣಿಕೆ ಮಾಡಿಕೊಟ್ಟರು. ಶಿಳ್ಳೆ ತಡೆಯುವ ಏರ್ಪಾಡನ್ನು ಸಡಿಲಿಸಿದರು, ಗದ್ದಲ ತಗ್ಗಿಸುವುದನ್ನು ನಿಲ್ಲಿಸಿದರು, ಏರಿಳಿತವನ್ನು ಒತ್ತಿಹಿಡಿಯುವುದನ್ನು ಕಡಿಮೆ ಮಾಡಿದರು. ಈಗ ಗುಂಡಿ ಒತ್ತಿದರೆ ಸಾಕು, ಮಾತಿನ ಕಿವಿ ಹೋಗಿ ಸಂಗೀತದ ಕಿವಿ ಬರುತ್ತದೆ.

ಅಂದು ಸಂಜೆ ಅಪ್ಪ ಮೊದಲು ಗುರುತಿಸಿದ್ದು ಕೊಳಲನ್ನಲ್ಲ, ಹಿಂದಿದ್ದ ತಂಬೂರಿಯನ್ನು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಸಣ್ಣ ದಾರವನ್ನು ಸಿಕ್ಕಿಸುತ್ತಾರೆ. ಅದನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ನಾದ ಮಿನುಗುತ್ತದೆ. ಬಾಗಿದ ಆ ಕುದುರೆಯಿಂದ ಉಪಸ್ವರಗಳು ಹೇಗೆ ಸಮೃದ್ಧವಾಗುತ್ತವೆ ಎಂಬುದನ್ನು ಸಿ.ವಿ. ರಾಮನ್ 1921ರಲ್ಲೇ ಒಂದು ಪ್ರಬಂಧದಲ್ಲಿ ಚರ್ಚಿಸಿದ್ದಾರೆ. ಈ ಮಿನುಗು ಇರುವುದೇ ಎತ್ತರದ ಉಪಸ್ವರಗಳಲ್ಲಿ. ಅಪ್ಪ ಕಳೆದುಕೊಂಡಿದ್ದುದೂ ಅದನ್ನೇ. “ಇದು ಇಷ್ಟು ದಿನ ಎಲ್ಲಿತ್ತು?” ಎಂದರು. ನಲವತ್ತು ವರ್ಷ ಕೇಳಿದ ಧ್ವನಿಮುದ್ರಣ ಆ ಸಂಜೆ ಅವರಿಗೆ ಹೊಸದಾಗಿತ್ತು. ಬಲಪುಟದಲ್ಲಿ ‘ಹೊಸ ಸಂಗೀತ’ ಎಂಬ ಶೀರ್ಷಿಕೆಯ ಕೆಳಗೆ ನಾನು ಮಾಲಿಯವರ ಹೆಸರನ್ನೇ ಬರೆದೆ.

ಮೂರನೆಯ ವಾರದ ನಾಯಕಿ ನನ್ನ ಮಗಳು. ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. “ತಾತ, ಈಗ ನಮ್ಮ ಸರದಿ” ಎಂದು ಹೇಮಂತ್ ರಾವ್ ನಿರ್ದೇಶನದ ‘ಸಪ್ತ ಸಾಗರದಾಚೆ ಎಲ್ಲೋ’ ಚಿತ್ರದ ಹಾಡುಗಳನ್ನು ಹಾಕಿದಳು. ಸಂಗೀತ ಚರಣ್ ರಾಜ್ ಅವರದು. 2023ರಲ್ಲಿ ಎರಡು ಭಾಗಗಳಾಗಿ ಬಂದ ಈ ಚಿತ್ರದ ಭಾಗಗಳ ಹೆಸರು ‘ಸೈಡ್ ಎ’ ಮತ್ತು ‘ಸೈಡ್ ಬಿ’. ಅಪ್ಪ ನಕ್ಕರು. ಕ್ಯಾಸೆಟ್ಟಿನ ಮಗ್ಗುಲು ತಿರುಗಿಸಿ ಹಾಕಿದವರಿಗೆ ಆ ಹೆಸರಿನ ಅರ್ಥ ಹೇಳಬೇಕಾಗಿಲ್ಲ. ಮೊಮ್ಮಗಳಿಗೆ ಅವರು 1978ರಲ್ಲಿ ಬಂದ ‘ನಿತ್ಯೋತ್ಸವ’ದ ಕತೆ ಹೇಳಿದರು. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸ್ವರ ಸಂಯೋಜನೆ. ಕನ್ನಡದ ಮೊದಲ ಭಾವಗೀತೆಗಳ ಕ್ಯಾಸೆಟ್ ಎಂದು ಹೆಸರಾದದ್ದು. ಇಂದು ಶಾಲಾ ವಾರ್ಷಿಕೋತ್ಸವಗಳಲ್ಲಿ ಹಳೆಯದೆಂಬಂತೆ ಹಾಡುವುದು ಅಂದು ತೀರಾ ಹೊಸದು. ಹಳೆಯದಾದದ್ದೆಲ್ಲ ಒಮ್ಮೆ ಹೊಸದಾಗಿತ್ತು ಎಂಬುದನ್ನು ನಾವು ಎಷ್ಟು ಬೇಗ ಮರೆಯುತ್ತೇವೆ!

ಮಗಳ ಹಾಡು ಮೊದಲ ಸಲ ಅಪ್ಪನಿಗೆ ಹಿಡಿಸಲಿಲ್ಲ. ಎರಡನೆಯ ಸಲ, “ಪರವಾಗಿಲ್ಲ” ಎಂದರು. ನಾಲ್ಕನೆಯ ದಿನ ಸ್ನಾನದ ಮನೆಯಿಂದ ಅದೇ ಧಾಟಿ ಕೇಳಿಬಂತು. ಇದು ಕೇವಲ ಮೊಮ್ಮಗಳ ಮೇಲಿನ ಪ್ರೀತಿಯಲ್ಲ. ಯಾವುದನ್ನು ಮತ್ತೆ ಮತ್ತೆ ಎದುರುಗೊಳ್ಳುತ್ತೇವೆಯೋ ಅದರ ಬಗ್ಗೆ ನಮ್ಮ ಒಲವು ಹೆಚ್ಚುತ್ತದೆ ಎಂದು ಮನೋವಿಜ್ಞಾನಿ ರಾಬರ್ಟ್ ಝಾಯಂಟ್ಸ್ 1968ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ಇದರಲ್ಲಿ ಒಂದು ಪಾಠವೂ ಇದೆ, ಒಂದು ಎಚ್ಚರಿಕೆಯೂ ಇದೆ. ಹತ್ತು ಸೆಕೆಂಡು ಕೇಳಿ ಬೆರಳಿನಿಂದ ಸರಿಸಿಬಿಟ್ಟ ಹಾಡಿನ ಬಗ್ಗೆ ತೀರ್ಪು ಕೊಡುವ ಹಕ್ಕು ನಮಗಿಲ್ಲ ಎಂಬುದು ಪಾಠ. ಫೋನು ತಾನಾಗಿಯೇ ಇಪ್ಪತ್ತು ಬಾರಿ ಕೇಳಿಸಿದ್ದನ್ನು ನಮ್ಮದೇ ಅಭಿರುಚಿ ಎಂದುಕೊಳ್ಳಬಾರದು ಎಂಬುದು ಎಚ್ಚರಿಕೆ.

ನಾಲ್ಕನೆಯ ವಾರ ನನ್ನ ಆಯ್ಕೆ. ಬೆಂಗಳೂರಿನ ವಾರಿಜಶ್ರೀ ವೇಣುಗೋಪಾಲ್ ಗಾಯಕಿಯೂ ಹೌದು, ಕೊಳಲುವಾದಕಿಯೂ ಹೌದು. ಅಮೆರಿಕದ ಸಂಗೀತಗಾರ ಮೈಕೆಲ್ ಲೀಗ್ ಅವರೊಡನೆ ರೂಪಿಸಿದ ಅವರ ‘ವಾರಿ’ ಆಲ್ಬಂ 2024ರಲ್ಲಿ ಬಂತು. ಕರ್ನಾಟಕ ಸಂಗೀತದ ಗಮಕ ಮತ್ತು ಜಾಝ್‌ನ ನಡಿಗೆ ಎರಡನ್ನೂ ಬಲ್ಲ ಕಂಠ. ಅಪ್ಪ ಕಣ್ಣು ಮುಚ್ಚಿ ಕೇಳಿದರು. ಮೇಷ್ಟ್ರಲ್ಲವೇ, ರಾಗ ಯಾವುದೆಂದು ವಿಚಾರಿಸುತ್ತಾರೆ, ತಾಳ ಹಾಕಿ ತಪ್ಪು ಹುಡುಕುತ್ತಾರೆ ಎಂದು ಕಾದೆ. ಅವರು ಹೇಳಿದ್ದು ಇಷ್ಟೇ: “ಇನ್ನೊಂದು ಸಲ ಹಾಕು.” ಈಗಿನ ಸಂಗೀತದಲ್ಲಿ ಸತ್ವವಿಲ್ಲ ಎಂಬ ಮಾತು ಆ ಮೇಲೆ ನಮ್ಮ ಮನೆಯಲ್ಲಿ ಕೇಳಿಬಂದಿಲ್ಲ.

ಮಿತ್ರರೇ, ಇದು 78 ವರ್ಷದವರೊಬ್ಬರ ಕತೆ. ನಮಗೇಕೆ ಎಂದು ನೀವು ಕೇಳಬಹುದು. ಅಪ್ಪನಿಗೆ ವಯಸ್ಸು ಮಾಡಿದ್ದನ್ನು ನಿಮ್ಮ ಕಿವಿಯೊಳಗಿನ ಇಯರ್‌ಫೋನು ಬಹು ಬೇಗ ಮಾಡಬಲ್ಲದು. ಅಸುರಕ್ಷಿತವಾಗಿ ಆಲಿಸುವುದರಿಂದ ಜಗತ್ತಿನಲ್ಲಿ 100 ಕೋಟಿಗೂ ಹೆಚ್ಚು ಯುವಜನರ ಶ್ರವಣಶಕ್ತಿಗೆ ಅಪಾಯವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದು ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗ ಶಬ್ದಶಕ್ತಿ ಎರಡರಷ್ಟಾಗುತ್ತದೆ, ಆದ್ದರಿಂದ ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ಈ ಗಣಿತವನ್ನು ನೀವೇ ಮಾಡಿ ನೋಡಿ. 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ. 100 ಡೆಸಿಬಲ್ ತಲುಪುವ ವೇಳೆಗೆ ಇಡೀ ವಾರಕ್ಕೆ ಅರ್ಧ ಗಂಟೆಯೂ ಉಳಿಯುವುದಿಲ್ಲ. ಸದ್ದನ್ನು ಗರಿಷ್ಠ ಮಟ್ಟದ ಶೇಕಡಾ 60ಕ್ಕಿಂತ ಮೇಲೇರಿಸಬೇಡಿ. ನಡುನಡುವೆ ಕಿವಿಗೆ ವಿರಾಮ ಕೊಡಿ. ಬಸ್ಸಿನ ಗದ್ದಲವನ್ನು ಮೀರಿಸಲು ಹಾಡಿನ ಸದ್ದು ಏರಿಸುವುದಂತೂ ಬೇಡವೇ ಬೇಡ. ಕೇಳಿದ ಮೇಲೆ ಕಿವಿಯಲ್ಲಿ ಗುಂಯ್ ಎಂದರೆ ಅದು ಕಿವಿ ಕೊಡುವ ನೋಟೀಸು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಪರೀಕ್ಷೆ ಮಾಡುತ್ತಾರೆ. ಕನ್ನಡಕ ಹಾಕಲು ನಾಚದ ನಾವು ಕಿವಿ ತೋರಿಸಲು ಏಕೆ ನಾಚಬೇಕು?

ನೀವೂ ಮುಂದಿನ ತಿಂಗಳಿಗೊಂದು ಲೆಕ್ಕ ತೆರೆಯಿರಿ. ವಾರಕ್ಕೊಂದು ಹೊಸ ರಚನೆ ಸಾಕು. ಅದನ್ನು ಬೇರೆ ಕೆಲಸವಿಲ್ಲದೆ ಮೂರು ಸಲ ಕೇಳಿ. ಸಂಯೋಜಕರು ಯಾರು, ಯಾವ ವಾದ್ಯಗಳಿವೆ, ಎಲ್ಲಿ ಮನಸ್ಸು ನಿಂತಿತು, ಆ ದಿನ ಮನೆಯಲ್ಲಿ ಏನಾಗಿತ್ತು ಎಂದು ನಾಲ್ಕು ಸಾಲು ಬರೆಯಿರಿ. ನಾಲ್ಕರಲ್ಲಿ ಒಂದನ್ನಾದರೂ ಮನೆಯ ಹಿರಿಯರು ಆರಿಸಲಿ, ಒಂದನ್ನು ಅವರಿಗೆ ನೀವು ಕೇಳಿಸಿ. ಅವರು ಸದ್ದು ಜಾಸ್ತಿ ಮಾಡು ಎಂದರೆ, ಅಥವಾ ಸಂಗೀತವೇ ಬೇಡ ಎಂದರೆ, ಅಷ್ಟಕ್ಕೇ ಸುಮ್ಮನಾಗದೆ ಹತ್ತಿರ ಕುಳಿತು ಯಾಕೆ ಎಂದು ವಿಚಾರಿಸಿ.