ಒಲೆ ಇದ್ದರೆ ಸಾಲದು, ಉರುವಲೂ ಬೇಕು
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಾನು ಕಂಪ್ಯೂಟರ್ ಕೆಲಸದವನು. ಕರೆಂಟ್ ಹೋದರೆ ನನ್ನ ಕೆಲಸವೂ ನಿಲ್ಲುತ್ತದೆ, ನಿಮ್ಮ ಪಂಪ್‌ಸೆಟ್ಟೂ ನಿಲ್ಲುತ್ತದೆ. ಆದ್ದರಿಂದ ಕರೆಂಟಿನ ಬಗ್ಗೆಯೇ ನಾಲ್ಕು ಮಾತು ಹೇಳುತ್ತೇನೆ.

ರಾಯಚೂರಿನ ವಿದ್ಯುತ್ ಕೇಂದ್ರ ಉರಿಸುವುದು ಕಲ್ಲಿದ್ದಲನ್ನು. ಬೆಂಗಳೂರಿನ ಯಲಹಂಕದಲ್ಲಿ 2024ರಲ್ಲಿ ಉದ್ಘಾಟನೆಯಾದ 370 ಮೆಗಾವಾಟ್ ಕೇಂದ್ರ ನೈಸರ್ಗಿಕ ಅನಿಲದಿಂದ ನಡೆಯುತ್ತದೆ. ಅನಿಲ ಉರಿದು ಮೊದಲು ಒಂದು ಟರ್ಬೈನ್ ತಿರುಗುತ್ತದೆ. ಅದರಿಂದ ಹೊರಬರುವ ಬಿಸಿ ಹೊಗೆಯಲ್ಲಿ ನೀರು ಕಾಯಿಸಿ, ಆ ಉಗಿಯಿಂದ ಇನ್ನೊಂದು ಟರ್ಬೈನ್ ತಿರುಗಿಸುತ್ತಾರೆ. ಒಂದೇ ಉರುವಲಿಗೆ ಎರಡು ಸಲ ಕರೆಂಟ್! ಬೂದಿ ಇಲ್ಲ, ಇಂಗಾಲದ ಡೈಆಕ್ಸೈಡ್ ಕಲ್ಲಿದ್ದಲಿನ ಸುಮಾರು ಅರ್ಧದಷ್ಟು. ಸಂಜೆ ಸೋಲಾರ್ ನಿಂತಾಗ ಇದನ್ನು ಬೇಗ ಚಾಲೂ ಮಾಡಬಹುದು.

ಹಾಗಾದರೆ ತೊಂದರೆ ಏನು? ಉರುವಲಿನದು. ದಾಭೋಳದಿಂದ ಬೆಂಗಳೂರಿಗೆ ಸುಮಾರು 1000 ಕಿ.ಮೀ. ಉದ್ದದ ಗೇಲ್ ಪೈಪ್‌ಲೈನ್ 2013ರಲ್ಲೇ ಬಂದಿದೆ. ಆದರೆ ಪೈಪ್ ಬಂದ ಮಾತ್ರಕ್ಕೆ ಅಗ್ಗದ ಅನಿಲ ಬರುವುದಿಲ್ಲ. ನಮ್ಮ ದೇಶ ಬಳಸುವ ಅನಿಲದಲ್ಲಿ ಸುಮಾರು ಅರ್ಧ ಹೊರದೇಶದ್ದು. ಅದನ್ನು ಮೈನಸ್ 162 ಡಿಗ್ರಿಗೆ ತಣಿಸಿ, ದ್ರವ ಮಾಡಿ ಹಡಗಿನಲ್ಲಿ ತರಬೇಕು. 2022ರಲ್ಲಿ ಉಕ್ರೇನ್ ಯುದ್ಧದಿಂದ ಬೆಲೆ ಏರಿತು. ಯುರೋಪ್ ಹೆಚ್ಚು ಹಣ ಕೊಟ್ಟು ಕೊಂಡಿತು. ಪಾಕಿಸ್ತಾನ, ಬಾಂಗ್ಲಾದೇಶದ ಜನ ಗಂಟೆಗಟ್ಟಲೆ ಕತ್ತಲಲ್ಲಿ ಕುಳಿತರು. ನಮ್ಮಲ್ಲೂ ಕೃಷ್ಣಾ-ಗೋದಾವರಿ ಕೊಳ್ಳದ ಅನಿಲವನ್ನು ನಂಬಿ ಆಂಧ್ರದಲ್ಲಿ ಕಟ್ಟಿದ ಎಷ್ಟೋ ಕೇಂದ್ರಗಳು, ಅಲ್ಲಿನ ಉತ್ಪಾದನೆ ಕುಸಿದ ಮೇಲೆ ಸುಮ್ಮನೆ ನಿಂತವು. ಒಲೆ ಹೂಡಿದ್ದಾಯಿತು, ಉರುವಲು ಇಲ್ಲ. ಕೇಂದ್ರ ನಿಂತರೂ ಸಾಲದ ಬಡ್ಡಿ ನಿಲ್ಲುವುದಿಲ್ಲ.

ನನಗೆ ತೋಚುವುದು ಮೂರು ಮಾತು. ಒಂದು, ದೀರ್ಘಾವಧಿಯ ಅನಿಲ ಒಪ್ಪಂದ ಮೊದಲು, ಕೇಂದ್ರ ಆಮೇಲೆ. ಎರಡು, ಪೈಪಿನ ಸೋರಿಕೆ ತಡೆಯಬೇಕು. ಸೋರಿದ ಮೀಥೇನ್ ಭೂಮಿಯನ್ನು ಇಂಗಾಲದ ಡೈಆಕ್ಸೈಡ್‌ಗಿಂತ ಬಹಳ ಹೆಚ್ಚು ಬಿಸಿ ಮಾಡುತ್ತದೆ. ಮೂರನೆಯದು ನಮ್ಮ ಕೈಯಲ್ಲೇ ಇದೆ. ಗೋಬರ್ ಗ್ಯಾಸಿನಲ್ಲಿರುವುದೂ ಇದೇ ಮೀಥೇನ್. ಸಗಣಿ ಮತ್ತು ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್‌ನಿಂದ ಬರುವ ಅನಿಲವನ್ನು ಶುದ್ಧ ಮಾಡಿ ಬಳಸಲೆಂದೇ ಕೇಂದ್ರ ಸರ್ಕಾರ 2018ರಲ್ಲಿ 'ಸತತ್' ಯೋಜನೆ ತಂದಿದೆ. ಕಬ್ಬು, ದನಕರು ಎರಡೂ ಇರುವ ನಮ್ಮ ಬೀದರ್ ಜಿಲ್ಲೆಗೆ ಇದು ಹೇಳಿ ಮಾಡಿಸಿದ ಕೆಲಸ. ಇದರಿಂದ ಯಲಹಂಕದ ಟರ್ಬೈನ್ ತಿರುಗಲಿಕ್ಕಿಲ್ಲ. ಆದರೆ ಅಷ್ಟರಮಟ್ಟಿಗೆ ಹಡಗಿನ ದಾರಿ ಕಾಯುವುದು ತಪ್ಪುತ್ತದೆ.

ಶಕ್ತಿಯನ್ನು ಸೃಷ್ಟಿಸಲಾಗದು, ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸಬಹುದು ಎಂಬ ಪಾಠವನ್ನು ನಾನು ಕಲಿತದ್ದು ಇದೇ ಶಾಲೆಯಲ್ಲಿ. ಮಕ್ಕಳೇ, ಸ್ವಿಚ್ ಹಾಕುವಾಗ ಒಮ್ಮೆ ಕೇಳಿಕೊಳ್ಳಿ: ಇದರ ಉರುವಲು ಎಲ್ಲಿಂದ ಬಂತು, ನಾಳೆಯೂ ಬರುತ್ತದೆಯೆ? ಆ ಪ್ರಶ್ನೆಗೆ ಉತ್ತರ ಕೊಡುವ ಎಂಜಿನಿಯರ್ ನಿಮ್ಮಲ್ಲೇ ಒಬ್ಬರಾಗಲಿ.