ಒಂದು ಮಾತು ಕೇಳಿ

ಕಾನಸೂರಿನ ನಮ್ಮ ಮನೆಯ ಜಗುಲಿಯಲ್ಲಿ ಮಗ ತಂದಿಟ್ಟ ಸ್ಮಾರ್ಟ್ ಸ್ಪೀಕರ್ ಇದೆ. ಮೊನ್ನೆ ಬೆಳಿಗ್ಗೆ ಆಯಿ ದೋಸೆಗೆ ಕಾವಲಿ ಇಟ್ಟು, ಯಕ್ಷಗಾನದ ಪದ ಹಚ್ಚು ಎಂದರು. ಹಚ್ಚಿದರೆ ದನಿಯಿಲ್ಲ. ದೀಪ ಮಾತ್ರ ಮಿಣುಕುತ್ತಿತ್ತು. ಯಾರನ್ನೂ ಕೇಳದೆ ಅದು ತನ್ನ ತಂತ್ರಾಂಶ ಬದಲಿಸಿಕೊಳ್ಳುತ್ತಿತ್ತು.

ಭದ್ರತೆಯ ಲೋಪ ಮುಚ್ಚಲು ಅದೂ ಬೇಕು, ನಿಜ. ಆದರೆ ನಮ್ಮ ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೋ! ಅಪ್‌ಡೇಟು ಅರ್ಧಕ್ಕೆ ನಿಂತರೆ ಕೆಲವು ಯಂತ್ರ ಮತ್ತೆ ಏಳುವುದೇ ಇಲ್ಲ. ನಮ್ಮದು ಎದ್ದಿತು. ಚಂಡೆಯ ಪೆಟ್ಟು ಮಾತ್ರ ಮೊದಲಿನಂತೆ ಎದೆಗೆ ತಾಗಲಿಲ್ಲ.

ನಮ್ಮೂರಲ್ಲಿ ನೆರೆಮನೆಯವರೂ ಅಂಗಳದಲ್ಲಿ ನಿಂತು ಕೂಗಿಯೇ ಒಳಗೆ ಬರುತ್ತಾರೆ. ಈ ಯಂತ್ರವೂ ಒಂದು ಮಾತು ಕೇಳಬೇಕಿತ್ತು.

ಆಯಿ ಅಪ್ಪಯ್ಯನ ಹಳೇ ಟ್ರಾನ್ಸಿಸ್ಟರ್ ತೆಗೆದರು. ಗೀರು ಸವೆದ ತಿರುಪನ್ನು ಮೆಲ್ಲಗೆ ತಿರುಗಿಸಿದರು. ಕರಕರ ಸದ್ದಿನ ನಡುವಿನಿಂದ, 1950ರಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಮಾತಾಡಿತು.