ಖೊಟ್ಟಿ ಯಾವುದು?



ನಮ್ಮ ಚನ್ನಪಟ್ಟಣದ ಗೊಂಬೆ ಆಲೆಮರದ್ದು, ಬಣ್ಣ ಅರಗಿನದು. ಭೌಗೋಳಿಕ ಸೂಚಕ ಮಾನ್ಯತೆಯಿದ್ದರೂ ಅದೇ ಹೆಸರಲ್ಲಿ ನಕಲಿ ಗೊಂಬೆ ಮಾರುವವರಿದ್ದಾರೆ. ನೋಟಾದರೆ ಖೋಟಾ ನೋಟು ಎನ್ನುತ್ತೇವೆ. ಶರಣರ ಅಂಕಿತ ಹಾಕಿ ಬೇರೆ ಯಾರೋ ಬರೆದದ್ದನ್ನು ವಿದ್ವಾಂಸರು ‘ಖೊಟ್ಟಿ ವಚನ’ ಎಂದರು. ಮಾತು ಬೇರೆ ಬೇರೆ, ಕಳವು ಒಂದೇ: ಇನ್ನೊಬ್ಬರು ಕಾಯಕದಿಂದ ಗಳಿಸಿದ ಹೆಸರು.

ನಾನು ಎಂಜಿನಿಯರ್ ಆಗಿದ್ದವನು. ಸಿಮೆಂಟಿನ ಚೀಲದ ಮೇಲೆ ಐಎಸ್‌ಐ ಗುರುತಿದ್ದರೂ ಕಾಂಕ್ರೀಟ್ ಕ್ಯೂಬನ್ನು 28ನೇ ದಿನ ಒಡೆದು ನೋಡುತ್ತಿದ್ದೆವು. ನಮ್ಮ ಪರೀಕ್ಷೆಯ ದಿನ ಯಾವುದು? ಮಕ್ಕಳ ಮದುವೆಯ ಮಾತುಕತೆಯ ದಿನ. ಎದೆಯ ಮೇಲೆ ಇಷ್ಟಲಿಂಗ, ಬಾಯಲ್ಲಿ ಒಳಪಂಗಡದ ವಿಚಾರಣೆ! ಬಸವಣ್ಣನವರ ಹೆಸರು ಹೇಳಿಕೊಂಡು ಹೀಗೆ ನಡೆದರೆ, ಖೊಟ್ಟಿ ಲಿಂಗವಲ್ಲ, ನಾವು.